ಚಕ್ಕುಲಿ ಡಬ್ಬಿಯಲ್ಲಿ ಫೋನು, ಅಕ್ಕಿ ಡಬ್ಬಿಯಲ್ಲಿ ಕ್ಯಾಸೆಟ್ಟು

ಭಾನುವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ನಮ್ಮ ಫೋನ್ ಗ್ರೂಪಿನಲ್ಲಿ ಹಾಜರಿ ಹಾಕಬೇಕು. ಹಾಜರಿ ಎಂದರೆ ಬರೀ ‘ಬಂದೆ’ ಅನ್ನುವುದಲ್ಲ. ಈಗ ಮನೆಯಲ್ಲಿ ಏನು ಕೇಳುತ್ತಿದ್ದೀರಿ, ಯಾವ ರೂಮಿನಲ್ಲಿ, ಏನು ಕೆಲಸ ಮಾಡಿಕೊಂಡು, ಮೂರನ್ನೂ ಬರೆಯಬೇಕು. ಹೂವಿನ ಚಿತ್ರ, ದೇವರ ಫೋಟೋ, ಮಂಡಿನೋವಿನ ಮದ್ದು, ಯಾವುದಕ್ಕೂ ಪ್ರವೇಶವಿಲ್ಲ. ಎಲ್ಲಕ್ಕಿಂತ ದೊಡ್ಡ ಕಾನೂನು, ನಿಜ ಹೇಳಬೇಕು. ಏನು ಕೇಳಿದರೆ ದೊಡ್ಡ ರಸಿಕರು ಅನ್ನಿಸಿಕೊಳ್ಳುತ್ತೀರೋ ಅದಲ್ಲ. ನಿಜವಾಗಿ ಕಿವಿಗೆ ಏನು ಬೀಳುತ್ತಿದೆಯೋ ಅದು.

ಈ ಕಾನೂನು ನನಗೆ ಬಹಳ ಕಷ್ಟ. ನಾನು ಶನಿವಾರ ಮಧ್ಯಾಹ್ನವೇ ಭಾನುವಾರದ ಸಾಲನ್ನು ಬರೆದು, ಅಳಿಸಿ, ಮತ್ತೆ ಬರೆಯುವವಳು. ಒಮ್ಮೆ ‘ಒಂದೂಕಾಲು ಗಂಟೆಯ ರಾಗಾಲಾಪನೆ, ಲಿವಿಂಗ್ ರೂಮು, ಸುಮ್ಮನೆ ಕಣ್ಣು ಮುಚ್ಚಿಕೊಂಡು’ ಎಂದು ಹಾಕಿದೆ. ಆ ಹೊತ್ತಿಗೆ ನಾನು ನಿಜವಾಗಿ ಮಾಡುತ್ತಿದ್ದದ್ದು, ಟಿಕೆಟ್ಟಿನ ತಾರೀಕು ಬದಲಾಯಿಸಲು ವಿಮಾನದವರಿಗೆ ಫೋನ್ ಮಾಡಿ, ಅವರು ಕಾಯಿಸುವಾಗ ಹಾಕುವ ಪಿಯಾನೋ ಟ್ಯೂನನ್ನು ನಲವತ್ತು ನಿಮಿಷದಿಂದ ಕೇಳುತ್ತಾ ಕೂತಿದ್ದದ್ದು. ತಕ್ಷಣ ಕಾಕಿಯ ಪ್ರಶ್ನೆ ಬಂತು: ‘ಯಾವ ರಾಗ?’ ನಾನು ರಾಗದ ಹೆಸರು ಹುಡುಕತೊಡಗಿದೆ. ಎರಡನೇ ಪ್ರಶ್ನೆ ಬಂತು: ‘ಕಣ್ಣ ಮುಚ್ಚಿದ್ರ ಟೈಪ್ ಹೆಂಗ ಮಾಡಿದ್ರಿ?’

ಕಾಕಿ ಯಾರೆಂದು ಹೇಳಬೇಕು. ಈ ಪರದೇಶದಲ್ಲಿ ನಮ್ಮ ಪಕ್ಕದ ಊರು ಸ್ಯಾನ್ ಮಟಿಯೋದಲ್ಲಿ ಧಾರವಾಡದ ಕಡೆಯ ದಂಪತಿ ಇದ್ದಾರೆ. ಇಬ್ಬರಿಗೂ ಎಪ್ಪತ್ತು ದಾಟಿದೆ. ಈ ಊರಿಗೆ ಬಂದು ನಲವತ್ತು ವರ್ಷವಾದರೂ ಅವರ ಮಾತಿಗೆ ಇಲ್ಲಿನ ಗಾಳಿ ತಾಕಿಲ್ಲ. ಗ್ರೂಪಿನವರೆಲ್ಲ ಅವರನ್ನು ಕಾಕಾ, ಕಾಕಿ ಎನ್ನುತ್ತೇವೆ. ಕಾಕಾ ನಿವೃತ್ತ ಎಂಜಿನಿಯರು. ಹಳೇ ಆಡಿಯೋ ಯಂತ್ರಗಳೆಂದರೆ ಪ್ರಾಣ. ಲಾಸ್ ಆಲ್ಟೋಸ್‌ನ ದೊಡ್ಡ ಮನೆಗಳವರು ಮನೆ ಮುಂದೆ ಹಳೇ ಸಾಮಾನು ಮಾರುವ ಗರಾಜ್ ಸೇಲಿನಲ್ಲಿ ಏನೇನು ಹೊರಗಿಡುತ್ತಾರೋ ಅದನ್ನೆಲ್ಲ ತಂದು, ಬಿಚ್ಚಿ, ಒರೆಸಿ, ಮತ್ತೆ ಹಾಡುವ ಹಾಗೆ ಮಾಡುತ್ತಾರೆ. ಕಾಕಿ ಗ್ರೂಪಿನ ಪೊಲೀಸು. ಮೂರನೆಯವಳು ಹಾಸನದ ಡಾಕ್ಟರು, ನನ್ನ ಗೆಳತಿ. ಪ್ರತಿ ಭಾನುವಾರ ಅವಳ ಹಾಜರಿ ಒಂದೇ: ‘ಹಳೇ ಸಿನಿಮಾ ಹಾಡು, ಅಡುಗೆಮನೆ, ವಾರಕ್ಕಾಗುವಷ್ಟು ಸಾಂಬಾರು.’ ಅವಳಿಗೆ ಯಾರೂ ಏನೂ ಕೇಳುವುದಿಲ್ಲ. ಉಳಿದ ಐದಾರು ಜನ ಬರೆಯುತ್ತಾರೆ, ಹೋಗುತ್ತಾರೆ. ತಿಂಗಳಿಗೊಮ್ಮೆ ಕಾಕಾ ಮನೆಯಲ್ಲಿ ಕೂತು ಕೇಳುವವರು ಮಾತ್ರ ನಾವು ನಾಲ್ವರು. ಐದನೆಯವರು ನನ್ನ ಗಂಡ. ಅವರು ಬರುವುದು ಕಾಕಿ ಮಾಡುವ ಮಂಡಕ್ಕಿ ಗಿರ್ಮಿಟ್ಟಿಗೆ.

ನಮ್ಮವರು ಮಂಡ್ಯದವರು, ನನ್ನ ಹಾಗೇ ಎಂಜಿನಿಯರು. ಸಂಗೀತದ ಬಗ್ಗೆ ಅವರ ಅಭಿಪ್ರಾಯವನ್ನು ಮದುವೆಯಾದ ತಿಂಗಳಲ್ಲೇ ತಿಳಿಸಿದ್ದರು: “ಎಲ್ಲಾ ಚೆನ್ನಾಗೇ ಇರುತ್ತೆ ಕಣೆ, ಸ್ವಲ್ಪ ಜಾಸ್ತಿ ಹೊತ್ತು ಇರುತ್ತೆ ಅಷ್ಟೆ.” ಅಂದಿನಿಂದ ಅವರಿಗೆ ಕಿವಿ ಇಲ್ಲ ಎಂದು ನಾನು ತೀರ್ಮಾನಿಸಿದ್ದೆ. ಆ ತೀರ್ಮಾನವನ್ನು ಇಪ್ಪತ್ತಾರು ವರ್ಷ ಮತ್ತೆ ತೆಗೆದು ನೋಡಿರಲಿಲ್ಲ.

ಈ ವರ್ಷ ಒಂದು ಭಾನುವಾರ ಏನಾಯಿತೋ, ಶನಿವಾರದ ಕರಡನ್ನು ಅಳಿಸಿ ನಾನು ನಿಜ ಬರೆದುಬಿಟ್ಟೆ: ‘ಏನೂ ಕೇಳುತ್ತಿಲ್ಲ. ಅಡುಗೆಮನೆ. ಕೇಳಲು ಧೈರ್ಯವಿಲ್ಲದ ಒಂದು ಕ್ಯಾಸೆಟ್ಟನ್ನು ಅಕ್ಕಿ ಡಬ್ಬಿಯಿಂದ ತೆಗೆದು ನೋಡುತ್ತಾ ನಿಂತಿದ್ದೇನೆ.’

ಅದುವರೆಗೆ ನನ್ನ ಯಾವ ಆಲಾಪನೆಗೂ ಅಷ್ಟು ಜನ ಎದ್ದು ಕೂತಿರಲಿಲ್ಲ. ಐದು ನಿಮಿಷದಲ್ಲಿ ಹದಿನೇಳು ಮೆಸೇಜು. ಯಾರ ಕ್ಯಾಸೆಟ್ಟು? ಏನಿದೆ ಅದರಲ್ಲಿ? ಅಕ್ಕಿ ಡಬ್ಬಿಯಲ್ಲಿ ಯಾಕೆ? ಕಾಕಾ ಮೆಸೇಜು ಬರೆಯುವ ತಾಳ್ಮೆಯಿಲ್ಲದೆ ಫೋನನ್ನೇ ಮಾಡಿದರು.

“ತಂಗೀ, ಮೊದಲ ಹೇಳು, ಟೇಪ್ ಕಂದು ಅದನೋ ಕಪ್ಪ ಅದನೋ?”

“ಕಂದು ಕಾಕಾ.”

“ಫಂಗಸ್ಸು? ಬಿಳೀ ಬೂಸರ?”

“ಇಲ್ಲ. ಅದಕ್ಕೇ ಅಕ್ಕೀಲಿ ಇಟ್ಟಿರೋದು.”

“ಶಾಣ್ಯಾಕಿ!” ಎಂದರು ಕಾಕಾ. ಯಾರೋ ನನ್ನ ಭಯವನ್ನು ಜಾಣತನ ಎಂದು ಕರೆದದ್ದು ಅದೇ ಮೊದಲು.

ನಮ್ಮ ಮನೆ ಇರುವುದು ಫಾಸ್ಟರ್ ಸಿಟಿಯಲ್ಲಿ, ಲಗೂನಿನ ಅಂಚಿಗೆ. ಕಿಟಕಿ ತೆರೆದರೆ ನೀರು. ಬಂದವರೆಲ್ಲ ಎಷ್ಟು ಚೆಂದ ಎನ್ನುತ್ತಾರೆ. ನನಗೆ ಕಾಣುವುದು ತೇವ. ಹಾಗಾಗಿ ಕ್ಯಾಸೆಟ್ಟಿಗೆ ಒಂದು ಉಣ್ಣೆಯ ಕಾಲುಚೀಲ, ಅದಕ್ಕೊಂದು ಜಿಪ್ಪಿನ ಪ್ಲಾಸ್ಟಿಕ್ ಚೀಲ, ಒಳಗೆ ಶೂ ಪೆಟ್ಟಿಗೆಗಳಿಂದ ಕೂಡಿಟ್ಟ ತೇವ ಹೀರುವ ಪುಟ್ಟ ಪೊಟ್ಟಣಗಳು, ಇಷ್ಟೆಲ್ಲ ಆದಮೇಲೆ ಸೋನಾ ಮಸೂರಿ. ನನ್ನ ಗಂಡ ಅನ್ನಕ್ಕಿಡುವಾಗ ಎರಡು ಸಲ ಅದನ್ನು ಅಳತೆ ಲೋಟದ ಜೊತೆ ಎತ್ತಿದ್ದಾರೆ. “ಇವತ್ತು ಯಾವ ರಾಗದ ಅನ್ನ?” ಎಂದು ಕೇಳಿದ್ದಾರೆ. ಮಗಳು ಕಾಲೇಜಿನಿಂದ ಬಂದಾಗಲೆಲ್ಲ, “ಅಮ್ಮಾ, ಜಸ್ಟ್ ಡಿಜಿಟೈಜ್ ಇಟ್” ಎಂದು ನಾಲ್ಕೇ ಪದದಲ್ಲಿ ವಿಷಯ ಮುಗಿಸುತ್ತಾಳೆ. ಡಿಜಿಟೈಜ್ ಮಾಡುವ ಒಬ್ಬರನ್ನು ವಿಚಾರಿಸಿಯೂ ಇದ್ದೆ. ಟಪಾಲಿನಲ್ಲಿ ಕಳಿಸಿ ಎಂದರು. ಟಪಾಲು! ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕಳಿಸಿರಲಿಲ್ಲ, ಆದರೂ ಬರಲಿಲ್ಲ.

ಅದರಲ್ಲಿ ಏನಿತ್ತು ಎಂದರೆ, ಮೈಸೂರಿನಲ್ಲಿ ನಾನು ಹನ್ನೊಂದು ವರ್ಷದವಳಿದ್ದಾಗಿನ ಒಂದು ವೀಣೆ ಪಾಠ. ನಮ್ಮ ವೀಣೆ ಟೀಚರು ಅವರ ಮನೆಯ ಮುಂದಿನ ಕೋಣೆಯಲ್ಲಿ ಚಾಪೆ ಹಾಸಿ ಹೇಳಿಕೊಡುತ್ತಿದ್ದರು. ಯಾವ ಸಭೆಯಲ್ಲೂ ನುಡಿಸಿದವರಲ್ಲ. ರೇಡಿಯೋಗೆ ಹೋದವರಲ್ಲ. ಕೇಳಿದರೆ “ಅದೆಲ್ಲ ನಮಗ್ಯಾಕಮ್ಮ” ಎನ್ನುತ್ತಿದ್ದರು. ನನ್ನ ಬೆರಳು ಮನೆಗೆ ಹೋಗುವಷ್ಟರಲ್ಲಿ ಪಾಠ ಮರೆಯುತ್ತಿದ್ದ ಕಾರಣ, ಅಪ್ಪ ಒಂದು ಟೇಪ್‌ರೆಕಾರ್ಡರ್ ಹೊರಿಸಿ ಕಳಿಸಿದ್ದರು. ಅವತ್ತು ಪಾಠ ಮುಗಿಯಿತು, ನಾನು ಗುಂಡಿ ಒತ್ತಿ ನಿಲ್ಲಿಸುವುದನ್ನು ಮರೆತೆ. ಹೊರಗೆ ಮಳೆ ಜೋರಾಗಿ, ಮನೆಗೆ ಹೋಗುವ ಹಾಗಿರಲಿಲ್ಲ. “ನಿಲ್ಲಲಿ, ಕೂತಿರು” ಎಂದು ಟೀಚರು ತಮ್ಮ ವೀಣೆಯನ್ನು ಎಳೆದುಕೊಂಡರು. ನನಗಾಗಿ ಅಲ್ಲ, ತಮಗಾಗಿ. ಇಪ್ಪತ್ತು ನಿಮಿಷ ಬಿಲಹರಿ ರಾಗದಲ್ಲಿ ತಾನ ನುಡಿಸಿದರು. ಸಾಹಿತ್ಯವಿಲ್ಲ, ತಾಳ ಹಾಕುವವರಿಲ್ಲ. ವೀಣೆ ತನ್ನ ಪಾಡಿಗೆ ತಾನು ಕುಣಿಯುತ್ತಾ ಹೋಗುವಂಥದ್ದು. ಚಾಪೆಯ ಅಂಚು ಕೀಳುತ್ತಾ ಕೂತಿದ್ದ ನನಗೆ, ಇದೇ ಕೋಣೆಯಲ್ಲಿ ಇದೇ ವಾದ್ಯದಿಂದ ಇಂಥದ್ದೂ ಬರುತ್ತದೆಯೇ ಎಂದು ಗಾಬರಿಯೇ ಆಯಿತು.

ಟೀಚರು ಈಗಿಲ್ಲ. ಅವರಿಗೆ ಮಕ್ಕಳೂ ಇರಲಿಲ್ಲ. ನನ್ನ ಜೊತೆ ಕಲಿತವರು ಇಬ್ಬರನ್ನು ವಿಚಾರಿಸಿದ್ದೆ, ಅವರ ಹತ್ತಿರವೂ ಏನಿಲ್ಲ. ಅಂದರೆ ಆ ಹೆಂಗಸು ನುಡಿಸಿದ್ದರಲ್ಲಿ ಈ ಭೂಮಿಯ ಮೇಲೆ ಉಳಿದಿರುವುದು ಇಪ್ಪತ್ತು ನಿಮಿಷ, ಅದು ನನ್ನ ಅಕ್ಕಿ ಡಬ್ಬಿಯಲ್ಲಿ. ಕೊನೆಯ ಸಲ ಹಾಕಿದ್ದು ಮೂವತ್ತು ವರ್ಷದ ಹಿಂದೆ. ಆಗ ಒಂದು ಕಡೆ ಟೇಪು ಕಿರ್ ಎಂದಿತು. ತೆಗೆದಿಟ್ಟವಳು ಮತ್ತೆ ಹಾಕಲಿಲ್ಲ. ಕೇಳಿದರೆ ಹಾಳಾದೀತು ಎಂದು ಕೇಳದೆ ಉಳಿಸಿಕೊಂಡೆ. ಇದರಲ್ಲಿ ತರ್ಕವಿಲ್ಲ ಎಂದು ನನಗೂ ಗೊತ್ತು. ಆದರೆ ತರ್ಕದಿಂದ ಬದುಕುವವಳಾಗಿದ್ದರೆ ನಾನು ಮನೆಯಿಂದ ಹೊರಟು ಮೂರು ಸಲ ಒಲೆ ನೋಡಲು ವಾಪಸ್ಸು ಬರುತ್ತಿರಲಿಲ್ಲ.

“ಮುಂದಿನ ಭಾನುವಾರ ತಗೊಂಡ್ ಬಾ,” ಎಂದರು ಕಾಕಾ. “ನಾ ಟೇಪ್ ಡೆಕ್ಕಿನ ಹೆಡ್ ಎಲ್ಲಾ ಸ್ವಚ್ಛ ಮಾಡಿ ಇಟ್ಟಿರ್ತೀನಿ. ಒಂದ ಸಲ ಹಾಕೋದು, ಅದ ಸಲ ಕಂಪ್ಯೂಟರಿಗೆ ಇಳಿಸೋದು. ಎರಡನೇ ಸಲ ಮುಟ್ಟೂದು ಬ್ಯಾಡ.”

ಆ ವಾರ ನಾನು ಆಫೀಸಿನಲ್ಲಿ ಏನು ಮಾಡಿದೆ ಎಂದು ನೆನಪಿಲ್ಲ. ಹೆದರಿಕೆ ಇತ್ತು, ಅದು ಬಿಡಿ, ಅದು ಯಾವಾಗಲೂ ಇರುತ್ತದೆ. ಆದರೆ ಹೆದರಿಕೆಯ ಕೆಳಗೆ ಇನ್ನೊಂದು, ಸ್ಕೂಲ್ ಟೂರಿನ ಹಿಂದಿನ ದಿನ ಆಗುತ್ತಿತ್ತಲ್ಲ, ಹೊಟ್ಟೆಯಲ್ಲಿ ಯಾರೋ ಕುಣಿಯುವಂಥದ್ದು. ಮೀಟಿಂಗಿನಲ್ಲಿ ನನ್ನ ಬೆರಳುಗಳು ಮೇಜಿನ ಕೆಳಗೆ ಮೀಟುತ್ತಿದ್ದವು. ಇನ್ನೊಂದು ಸಣ್ಣ ಚಿಂತೆಯೂ ಇತ್ತು. ಗ್ರೂಪಿನಲ್ಲಿ ನಾನು ಎಂಟು ವರ್ಷ ವೀಣೆ ಕಲಿತೆ ಎಂದು ಹೇಳಿಕೊಂಡಿದ್ದೆ. ಕಲಿತದ್ದು ಒಂದೂವರೆ ವರ್ಷ. ಉಳಿದ ಆರೂವರೆ ವರ್ಷ ವೀಣೆ ನಮ್ಮ ಮನೆಯಲ್ಲಿತ್ತು.

ಭಾನುವಾರ ಹತ್ತೂವರೆಗೆ ಹೊರಟೆವು. ಕಾಕಾ ಮನೆ ಕಾರಿನಲ್ಲಿ ಹತ್ತು ನಿಮಿಷ. ಕ್ಯಾಸೆಟ್ಟು ನನ್ನ ಮಡಿಲಲ್ಲಿ.

“ನಿಧಾನ ರೀ. ಹಳ್ಳ.”

“ಹಳ್ಳ ಅಲ್ಲ ಕಣೆ, ನೆರಳು.”

“ಎಕ್ಸಿಟ್ ಬಂತು.”

“ಇನ್ನೂ ಒಂದು ಮೈಲಿ ಇದೆ. ನೀನು ಜಿಪಿಎಸ್‌ಗಿಂತ ಮುಂಚೆ ಹೇಳ್ತೀಯ, ಅದೂ ಮೂರು ಸಲ.”

ಕಾಕಾ ಮನೆಯ ಬಾಗಿಲಲ್ಲಿ ಕಾಕಿ ಎಂದಿನಂತೆ ಸ್ಟೀಲ್ ಡಬ್ಬಿ ಹಿಡಿದು ನಿಂತಿದ್ದರು. ಚಕ್ಕುಲಿ ಡಬ್ಬಿ. ಒಳಗೆ ಬರುವ ಮುಂಚೆ ಎಲ್ಲರೂ ಅದರಲ್ಲಿ ಫೋನು ಹಾಕಬೇಕು. ಅದು ಮುಚ್ಚಳ ಹಾಕಿಕೊಂಡು ಫ್ರಿಜ್ಜಿನ ಮೇಲೆ ಕೂರುತ್ತದೆ. ಕೇಳುವಾಗ ಕೇಳಬೇಕು, ಮತ್ತೇನೂ ಇಲ್ಲ. ಡಾಕ್ಟರಿಗೂ ವಿನಾಯಿತಿ ಇಲ್ಲ. ಅವಳು ಡ್ಯೂಟಿ ಇರುವ ಭಾನುವಾರ ಬರುವುದೇ ಇಲ್ಲ. ನಾನು ಹಾಕಿದೆ, ನನ್ನ ಗಂಡ ಹಾಕಿದರು. ಫೋನಿಗೂ ಸ್ವಲ್ಪ ಚಕ್ಕುಲಿಯ ಪುಡಿ ಅಂಟುತ್ತದೆ, ಓಂಕಾಳಿನ ವಾಸನೆ ಎರಡು ದಿನ ಹೋಗುವುದಿಲ್ಲ.

ಕಾಕಾ ಕೈಗೆ ಬಿಳಿ ಹತ್ತಿಯ ಗ್ಲೌಸು ಹಾಕಿಕೊಂಡಿದ್ದರು. ಡಾಕ್ಟರು ನೋಡಿ, “ಕಾಕಾ, ಆಪರೇಷನ್ನಿಗೆ ನನ್ನನ್ನ ಕರೀಬೇಕಿತ್ತು” ಎಂದಳು. ಕಾಕಾ ನಗಲಿಲ್ಲ. ಕ್ಯಾಸೆಟ್ಟನ್ನು ಬೆಳಕಿಗೆ ಹಿಡಿದು ನೋಡಿದರು, ಟೇಪನ್ನು ಒತ್ತಿ ಹಿಡಿಯುವ ಸಣ್ಣ ಸ್ಪಂಜಿನ ತುಣುಕು ಸರಿಯಾಗಿದೆಯೇ ಎಂದು ಬೆರಳ ತುದಿಯಲ್ಲಿ ಮುಟ್ಟಿದರು, ಪೆನ್ಸಿಲ್ ತೂರಿಸಿ ಎರಡು ಸುತ್ತು ತಿರುಗಿಸಿದರು. ಡೆಕ್ಕಿನಿಂದ ಲ್ಯಾಪ್‌ಟಾಪಿಗೆ ವೈರು ಎಳೆದಾಗಿತ್ತು. ತೆರೆಯ ಮೇಲೆ ಎರಡು ಹಸಿರು ಪಟ್ಟಿಗಳು ಕಾಯುತ್ತಿದ್ದವು.

“ಹಾಕಲೇನು?”

ನಾನು ತಲೆಯಾಡಿಸಿದೆ.

ಮೊದಲು ಸುಂಯ್ ಎಂಬ ಸದ್ದು. ಆಮೇಲೆ ನಾನು. ದೇವರೇ, ನಾನು! ಜಂಟಿ ವರಸೆ ಎಂಬ ಶುರುವಿನ ಪಾಠವನ್ನು ನಾನು ನುಡಿಸುತ್ತಿದ್ದ ರೀತಿಗೆ, ಯಾರೋ ವೀಣೆಯನ್ನು ಒಂದೊಂದೇ ಮೆಟ್ಟಿಲು ಕೆಳಗಿಳಿಸುತ್ತಿದ್ದಾರೆ ಅನ್ನಿಸುತ್ತಿತ್ತು. ಮಧ್ಯೆ ಟೀಚರ ದನಿ: “ಬೆರಳು ನೋಡು. ನಿನ್ನ ಬೆರಳು, ಕಿಟಕಿ ಅಲ್ಲ.” ಮತ್ತೆ ಮೆಟ್ಟಿಲು. “ಒಂದು ವರ್ಷ ಆಯ್ತು, ಇನ್ನೂ ಇದೇ ತಪ್ಪು. ಇನ್ನಾರು ತಿಂಗಳು ನೋಡ್ತೀನಿ, ಆಮೇಲೆ ನಿನಗೆ ಪಾಠ ಇಲ್ಲ.” ಕಾಕಿ ನಿಧಾನಕ್ಕೆ ನನ್ನ ಕಡೆ ತಿರುಗಿದರು. ಎಂಟು ವರ್ಷದ ವಿಷಯ ಅಲ್ಲಿಗೆ ಮುಗಿಯಿತು. ಡಾಕ್ಟರು ಸೆರಗು ಬಾಯಿಗೆ ಒತ್ತಿಕೊಂಡು ಕುಲುಕುತ್ತಿದ್ದಳು. ಕೇಳುವಾಗ ನಗುವುದನ್ನೂ ಕಾನೂನು ಒಪ್ಪುವುದಿಲ್ಲ.

ಆಮೇಲೆ ಮಳೆ. “ನಿಲ್ಲಲಿ, ಕೂತಿರು.” ಶ್ರುತಿ ಮಾಡಲು ಬಿರಡೆ ತಿರುಗಿಸುವ ಕಿರುಕು, ಒಂದು ತಂತಿ, ಇನ್ನೊಂದು ತಂತಿ.

ಆಗ ತಾನ ಶುರುವಾಯಿತು.

ಅದು ಹೇಗಿತ್ತು ಎಂದು ಹೇಳುವ ಆಸೆ ನನಗೂ ಇದೆ. ಕಾಕಾ ಕೈ ಗಾಳಿಯಲ್ಲಿ ನಿಂತದ್ದು ಕಂಡೆ. ಕಾಕಿಯ ಪೊಲೀಸ್ ಮುಖ ಕರಗಿ ಸಣ್ಣ ಹುಡುಗಿಯ ಮುಖ ಹೊರಗೆ ಬಂದದ್ದು ಕಂಡೆ. ಡಾಕ್ಟರು ನಗು ನಿಲ್ಲಿಸಿ ನೆಲ ನೋಡುತ್ತಿದ್ದಳು. ನನ್ನ ಗಂಡ ಮೂಲೆಯ ಕುರ್ಚಿಯಲ್ಲಿ, ತಲೆ ಹಿಂದಕ್ಕೆ ಒರಗಿಸಿ, ಬಾಯಿ ಸ್ವಲ್ಪ ತೆರೆದು. ನಿದ್ದೆ ಎಂದುಕೊಂಡೆ. ಇಷ್ಟೆಲ್ಲ ಕಂಡೆ. ಆದರೆ ಕೇಳಿದೆನೇ? ನನ್ನ ಕಣ್ಣು ಡೆಕ್ಕಿನ ಗಾಜಿನ ಹಿಂದೆ ತಿರುಗುತ್ತಿದ್ದ ಎರಡು ಚಕ್ರಗಳ ಮೇಲಿತ್ತು. ಎಡಗಡೆಯದು ಸ್ವಲ್ಪ ಅಲುಗಿತೇ? ಈಗ ಕಿರ್ ಎನ್ನುತ್ತದೆಯೇ? ಹಸಿರು ಪಟ್ಟಿ ಕೆಂಪಿಗೆ ಹೋಗುತ್ತಿದೆಯೇ? ಇಪ್ಪತ್ತು ನಿಮಿಷವೂ ನಾನು ಒಂದು ಪ್ಲಾಸ್ಟಿಕ್ ಡಬ್ಬಿಯ ಕಾವಲು ಕಾಯ್ದೆ. ಸಂಗೀತ ಪಕ್ಕದಲ್ಲೇ ಹಾದುಹೋಯಿತು.

ಕೊನೆಗೆ ಟಕ್ ಎಂದು ಡೆಕ್ಕು ತಾನೇ ನಿಂತಿತು. ಹಾಳಾಗಿರಲಿಲ್ಲ! ಕಾಕಿ ಮೂಗು ಒರೆಸಿಕೊಂಡರು. ಕಾಕಾ ಗ್ಲೌಸು ಹಾಕಿದ ಕೈ ಎರಡನ್ನೂ ಮುಗಿದು, “ಯಾರವ್ವಾ ಈಕಿ? ಎಲ್ಲಿ ಇಟ್ಟಿದ್ದಿ ಇಷ್ಟ ದಿನ?” ಎಂದರು. ನನಗೆ ಎದ್ದು ಕುಣಿಯಬೇಕು ಅನ್ನಿಸಿತು. ಯಾರಿಗೂ ಗೊತ್ತಿಲ್ಲದ ನಮ್ಮ ಟೀಚರನ್ನು ಇಲ್ಲಿ, ಸ್ಯಾನ್ ಮಟಿಯೋದ ಒಂದು ಡ್ರಾಯಿಂಗ್ ರೂಮಿನಲ್ಲಿ ಮೂರು ಜನ ಕೇಳಿದರು!

ಆಗ ಕಾಕಿ ಕೇಳಿದರು: “ರೆಕಾರ್ಡ್ ಆತಲ್ಲ?”

ಕಾಕಾ ಲ್ಯಾಪ್‌ಟಾಪಿನ ಕಡೆ ತಿರುಗಿದರು. ಬಗ್ಗಿದರು. ಕನ್ನಡಕ ಹಣೆಗೆ ಏರಿಸಿದರು, ಇಳಿಸಿದರು. ಹಸಿರು ಪಟ್ಟಿಗಳು ಏರಿಳಿಯುತ್ತಿದ್ದದ್ದು ನಿಜ. ಆದರೆ ಸದ್ದು ಬಂದರೆ ಪಟ್ಟಿ ಏಳುತ್ತದೆ, ಉಳಿಸಿಕೊಳ್ಳಬೇಕಾದರೆ ಪಕ್ಕದ ಕೆಂಪು ಗುಂಡಿ ಒತ್ತಬೇಕು. ಕಾಕಾ ಪಾಠದ ಭಾಗ ಮುಗಿದ ಮೇಲೆ ಒತ್ತೋಣ ಎಂದುಕೊಂಡಿದ್ದರಂತೆ. ಅಷ್ಟರಲ್ಲಿ ವೀಣೆ ಶುರುವಾಯಿತು. ಬೆರಳು ಅಲ್ಲೇ ನಿಂತಿತು. ಗಾಳಿಯಲ್ಲಿ ನಿಂತ ಆ ಕೈಯನ್ನು ನಾನು ರಸಿಕತೆ ಎಂದುಕೊಂಡಿದ್ದೆ!

“ನಾ ಕೇಳಾಕತ್ತಿದ್ದೆ,” ಎಂದರು ಕಾಕಾ, ಹೋಂವರ್ಕ್ ಮಾಡದ ಹುಡುಗನ ಹಾಗೆ.

“ಮೂರು ಜನ ಎಂಜಿನಿಯರು ಇದ್ದೀರಿ ಈ ರೂಮಲ್ಲಿ,” ಎಂದಳು ಡಾಕ್ಟರು. “ಒಬ್ಬರಿಗೂ ಹೊಳೀಲಿಲ್ವಾ?”

ಮೂರರಲ್ಲಿ ನಾನೂ ಒಬ್ಬಳು. ಕಣ್ಣು ಮಿಟುಕಿಸದೆ ಆ ಯಂತ್ರವನ್ನು ನೋಡುತ್ತಿದ್ದವಳು. ನನ್ನ ಚಿಂತೆಗಳ ಪಟ್ಟಿಯಲ್ಲಿ ಹನ್ನೆರಡು ಅಪಾಯಗಳಿದ್ದವು. ಗುಂಡಿ ಒತ್ತದೇ ಹೋಗಬಹುದು ಎಂಬುದು ಅದರಲ್ಲಿರಲಿಲ್ಲ.

ಸರಿ, ಎರಡನೇ ಸಲ ಹಾಕಲೇಬೇಕಾಯಿತು. ಪೆನ್ಸಿಲಿನಿಂದ ಪೂರ್ತಿ ಹಿಂದಕ್ಕೆ ಸುತ್ತುತ್ತೇನೆ ಎಂದು ನಾನು ಹೇಳಿದೆ. ಸಂಜೆಯಾಗುತ್ತದೆ ಎಂದು ಕಾಕಾ ಡೆಕ್ಕಿನಲ್ಲೇ ರಿವೈಂಡಿಗೆ ಹಾಕಿದರು. ಚೆನ್ನಾಗಿ ಹೋಗುತ್ತಿತ್ತು. ಆಮೇಲೆ ಮೂವತ್ತು ವರ್ಷದಿಂದ ನಾನು ಕನಸಿನಲ್ಲಿ ಕೇಳುತ್ತಿದ್ದ ಸದ್ದು ಬಂತು: ಕಿರ್ರ್, ಚಕ್.

ಮುಚ್ಚಳ ತೆಗೆದರೆ ಟೇಪು ಒಳಗಿನ ಉರುಳೆಗೆ ಸುತ್ತಿಕೊಂಡು ಶಾವಿಗೆಯಾಗಿತ್ತು. ಯಾರೂ ಕಿರುಚಲಿಲ್ಲ. ನಾನೂ ಕಿರುಚಲಿಲ್ಲ, ಅದೇ ಆಶ್ಚರ್ಯ. ಡಾಕ್ಟರು ಗ್ಲೌಸು ಕೇಳಿ ಹಾಕಿಕೊಂಡಳು. ಕಾಕಾ ಟಾರ್ಚು ಹಿಡಿದರು. ಅವಳು ಹುಬ್ಬು ಕೀಳುವ ಚಿಮಟದಿಂದ ಎಳೆ ಎಳೆಯಾಗಿ ಬಿಡಿಸಿದಳು. “ಉಸಿರಾಡ್ತಾ ಇರೇ, ನಿನ್ನನ್ನ ಆಮೇಲೆ ನೋಡ್ಕೊಳ್ಳೋಕಾಗಲ್ಲ” ಎಂದು ನನಗೆ ಹೇಳುತ್ತಾ. ಒಂದು ಗೇಣು ಟೇಪು ದಾರದ ಹಾಗೆ ಎಳೆದು ಹರಿದಿತ್ತು. ಅದನ್ನು ಕತ್ತರಿಸಿ ತೆಗೆಯಲೇಬೇಕು. ಕಾಕಾ ಎರಡು ತುದಿಗಳನ್ನು ಓರೆಯಾಗಿ ಕತ್ತರಿಸಿ, ತೆಳು ಪಟ್ಟಿ ಅಂಟಿಸಿ ಸೇರಿಸಿದರು.

“ಒಂದ ಗೇಣು ಅಂದ್ರ ಹೆಚ್ಚೂಕಮ್ಮಿ ಐದ ಸೆಕೆಂಡ್, ತಂಗಿ. ಬರೇ ಐದ.”

ಈ ಸಲ ಮೊದಲು ಕೆಂಪು ಗುಂಡಿ. ಕಾಕಾ ಒತ್ತಿದರು, ಕಾಕಿ ನೋಡಿದರು, ಡಾಕ್ಟರು ನೋಡಿದಳು, ನಾನು ಎರಡು ಸಲ ನೋಡಿದೆ. ಟೇಪು ಶುರುವಿನಿಂದ ಕೊನೆಯವರೆಗೆ ಓಡಿತು. ಎಲ್ಲ ಬಂತು, ನನ್ನ ಮೆಟ್ಟಿಲೂ ಬಂತು, ಮಳೆಯೂ ಬಂತು. ಆದರೆ ತಾನ ಇನ್ನೇನು ಏರಿ, ಏರಿ, ಮೇಲಿನ ಷಡ್ಜ ಮುಟ್ಟಬೇಕು ಅನ್ನುವಲ್ಲಿ ಟುಪ್ ಎಂದು ಹಾರಿ, ಕೆಳಗೆಲ್ಲೋ ನಗುತ್ತಾ ಇಳಿಯುತ್ತಿರುವಾಗ ಮತ್ತೆ ಸಿಕ್ಕಿತು. ನಡುವಿನದ್ದು ಇಲ್ಲ. ಶಿಖರವೇ ಇಲ್ಲ.

ಆಮೇಲೆ ನಡೆದದ್ದು ಜಗಳ. ಕಾಕಾ ಆ ಜಾಗ ಹೀಗಿತ್ತು ಎಂದು ಹಾಡಿ ತೋರಿಸಿದರು. “ಏನ್ ಹೇಳ್ತೀರಿ ನೀವ, ಅಷ್ಟ ಮ್ಯಾಲ ಹೋಗಿಲ್ಲ ಆಕಿ, ಅಲ್ಲೇ ನಿಂತು ಆಟ ಆಡಿದ್ಲು” ಎಂದು ಕಾಕಿ ಇನ್ನೊಂದು ಹಾಡಿದರು. ಡಾಕ್ಟರು ಹಾಡಿದ್ದು ಖಂಡಿತ ಒಂದು ಸಿನಿಮಾ ಹಾಡು. ಆ ತುಂಡನ್ನು ಹತ್ತು ಸಲ ಹಾಕಿ ಕೇಳಿದೆವು, ಏರುವ ದಡ, ಟುಪ್, ಇಳಿಯುವ ದಡ. ಎಲ್ಲರೂ ಕೊನೆಗೆ ನನ್ನ ಕಡೆ ತಿರುಗಿದರು. ನನ್ನ ಕ್ಯಾಸೆಟ್ಟು, ನನ್ನ ಟೀಚರು, ನಲವತ್ತು ವರ್ಷ ಕಾಪಾಡಿದವಳು ನಾನು.

“ನನಗೆ ನೆನಪಿಲ್ಲ,” ಎಂದೆ. “ನಾನು ಚಕ್ರ ನೋಡ್ತಿದ್ದೆ.”

ಕಾಕಿ ನನ್ನ ತಟ್ಟೆಗೆ ಇನ್ನಷ್ಟು ಗಿರ್ಮಿಟ್ ಹಾಕಿದರು. ಅವರು ಬೈದಿದ್ದರೆ ಚೆನ್ನಾಗಿತ್ತು. ಹೊರಡುವಾಗ ಕಾಕಾ ಬಾಗಿಲ ತನಕ ಬಂದು, “ಹತ್ತೊಂಬತ್ತ ನಿಮಿಷ ಐವತ್ತೈದ ಸೆಕೆಂಡ್ ಉಳದೈತಿ ನೋಡು, ಅದನ್ನ ಎಣಸು” ಎಂದರು. ಮಧ್ಯಾಹ್ನ ಮೂರು ಗಂಟೆ. ಬಿಸಿಲು ಬೆಳ್ಳಗೆ ಬಿದ್ದಿತ್ತು. ಕ್ಯಾಸೆಟ್ಟು ಮತ್ತೆ ಕಾಲುಚೀಲದಲ್ಲಿ, ನಕಲು ಒಂದು ಪೆನ್ ಡ್ರೈವಿನಲ್ಲಿ. ಖುಷಿ ಪಡಬೇಕಾದವಳು ನಾನು. ಕಾರು ಫ್ರೀವೇಗೆ ಏರುವಾಗ ನನ್ನ ತಲೆಯಲ್ಲಿ ಇದ್ದದ್ದು ಆ ಐದು ಸೆಕೆಂಡು ಮಾತ್ರ. ನಾನೇ ಕೇಳಿದ್ದರೆ ಉಳಿಯುತ್ತಿತ್ತು.

ಪಕ್ಕದಲ್ಲಿ ಗಂಡ ಕನ್ನಡಿ ನೋಡಿ, ಲೇನು ಸೇರಿಕೊಂಡು, ಆರಾಮಾಗಿ ಒರಗಿ, ಮೂಗಿನಲ್ಲಿ ಏನೋ ಗುನುಗುತ್ತಿದ್ದರು. ಗಮನ ಕೊಡಲಿಲ್ಲ. ಅವರು ಗುನುಗಿದರೆ ಸಾಮಾನ್ಯವಾಗಿ ಯಾವುದಾದರೂ ಜಾಹೀರಾತಿನದ್ದು. ಆದರೆ ಅದು ಏರುತ್ತಿತ್ತು. ಏರಿ, ಏರಿ, ಇನ್ನೇನು... ನನಗೆ ಗೊತ್ತಿದ್ದ ದಡ. ಹತ್ತು ಸಲ ಕೇಳಿದ ದಡ. ಅಲ್ಲಿ ಟುಪ್ ಎನ್ನಬೇಕಿತ್ತು.

ಟುಪ್ ಎನ್ನಲಿಲ್ಲ. ಮೇಲೆ ಮುಟ್ಟುವ ಹಾಗೆ ಮಾಡಿ ಮುಟ್ಟದೆ, ಒಂದು ಸುತ್ತು ಹೊರಳಿ, ಮತ್ತೆ ಹೊರಳಿ, ಆಮೇಲೆ ಒಂದೇ ಜಿಗಿತಕ್ಕೆ ಮುಟ್ಟಿ, ಅಲ್ಲಿಂದ ನಗುತ್ತಾ ಜಾರಿ ಆ ಕಡೆಯ ದಡಕ್ಕೆ ಬಂದು ಸೇರಿತು.

ಅದೇ! ಚಾಪೆಯ ಅಂಚು, ಮಳೆ, ಟೀಚರ ಬಲಗೈ ಒಂದು ಕ್ಷಣ ತಡೆದು ನಿಂತದ್ದು, ಎಲ್ಲ ಒಟ್ಟಿಗೆ ಬಂತು. ಇವರು ಕಟ್ಟಿ ಹೇಳುತ್ತಿರಬಹುದೇ ಎಂಬ ಅನುಮಾನ ಬರಲೇ ಇಲ್ಲ. ಸ್ವಂತವಾಗಿ ಎರಡು ಸ್ವರ ಜೋಡಿಸುವ ಶಕ್ತಿ ಇವರಿಗಿದ್ದರೆ ಇಷ್ಟರಲ್ಲಿ ಗೊತ್ತಾಗುತ್ತಿತ್ತು. ಬಾಯಿ ತೆರೆದು ಮಲಗಿದ್ದಾರೆ ಎಂದುಕೊಂಡಿದ್ದೆನಲ್ಲ, ಆ ರೂಮಿನಲ್ಲಿ ನಿಜವಾಗಿ ಕೇಳಿದವರು ಇವರು.

ರೆಕಾರ್ಡ್ ಮಾಡಬೇಕು! ಈಗಲೇ! ಬ್ಯಾಗಿಗೆ ಕೈ ಹಾಕಿದೆ. ಹುಡುಕಿದೆ. ಸೀಟಿನ ಕೆಳಗೆ ನೋಡಿದೆ. ಇವರ ಜೇಬಿನ ಕಡೆ ನೋಡಿದೆ. ಆಮೇಲೆ ಓಂಕಾಳಿನ ವಾಸನೆಯೇ ಬಂದ ಹಾಗಾಯಿತು. ಎರಡೂ ಫೋನು ಕಾಕಾ ಮನೆಯ ಫ್ರಿಜ್ಜಿನ ಮೇಲೆ, ಚಕ್ಕುಲಿ ಡಬ್ಬಿಯಲ್ಲಿ. ಜಗಳದ ಗಲಾಟೆಯಲ್ಲಿ ಕಾಕಿ ಡಬ್ಬಿ ತೆಗೆದುಕೊಟ್ಟಿರಲಿಲ್ಲ. ನಾವು ಕೇಳಿರಲಿಲ್ಲ.

ಹೇಳಿಬಿಡಲೇ? ‘ರೀ, ಅದೇ ಅದು, ನೀವು ಗುನುಗ್ತಿರೋದು!’ ಎಂದರೆ ಏನಾಗುತ್ತದೆ ಎಂದು ನನಗೆ ಗೊತ್ತು. “ಯಾವುದು? ನಾನೇನು ಗುನುಗಿದೆ?” ಎಂದು ನಿಲ್ಲಿಸುತ್ತಾರೆ, ಮತ್ತೆ ಆಗುವುದು ಜಾಹೀರಾತು. ಅವರಿಗೆ ಗೊತ್ತಿಲ್ಲದಿರುವವರೆಗೆ ಮಾತ್ರ ಅದು ಅವರಲ್ಲಿರುತ್ತದೆ. ಹಿಡಿಯಲು ಯಂತ್ರವಿಲ್ಲ, ಬರೆದುಕೊಳ್ಳುವಷ್ಟು ವಿದ್ಯೆಯಿಲ್ಲ, ಆ ಒಂದೂವರೆ ವರ್ಷ ಎಲ್ಲಿಗೆ ಸಾಕು. ಉಳಿದದ್ದು ಒಂದೇ ದಾರಿ. ನಾನು ಬ್ಯಾಗು ಕೆಳಗಿಟ್ಟೆ, ಕಿಟಕಿಯ ಕಡೆ ಮುಖ ಮಾಡಿ ಸುಮ್ಮನೆ ಕೂತೆ. ಮತ್ತೆ ಏರುವ ದಡ ಬಂತು. ಹೊರಳು. ಇನ್ನೊಂದು ಹೊರಳು. ಜಿಗಿತ.

ಹೆದ್ದಾರಿ ಬಿಟ್ಟು ನಮ್ಮ ಮನೆಯ ಕಡೆ ಇಳಿಯುವ ಫಾಸ್ಟರ್ ಸಿಟಿಯ ಎಕ್ಸಿಟ್ ಬೋರ್ಡು ಬಂತು. ಇಪ್ಪತ್ತಾರು ವರ್ಷದಲ್ಲಿ ಒಂದು ಎಕ್ಸಿಟ್ಟನ್ನೂ ನಾನು ಹೇಳದೆ ಬಿಟ್ಟವಳಲ್ಲ. ಬಾಯಿ ತನ್ನಷ್ಟಕ್ಕೇ ತೆರೆಯಿತು. ಮುಚ್ಚಿಕೊಂಡೆ. ನಮ್ಮ ಎಕ್ಸಿಟ್ಟು ಬಲಗಡೆಗೆ ಮೆಲ್ಲಗೆ ಜಾರಿ ಹೋಯಿತು. ಇವರು ಗುನುಗುತ್ತಲೇ ಇದ್ದರು. ಅದಾದ ಮೇಲೆ ಸೇತುವೆ. ಒಮ್ಮೆ ಏರಿದರೆ ಕೊಲ್ಲಿಯ ಆ ಕಡೆ ಮುಟ್ಟುವ ತನಕ ಏಳು ಮೈಲಿ ತಿರುಗುವ ಹಾಗಿಲ್ಲ, ನಿಲ್ಲುವ ಹಾಗಿಲ್ಲ. ಸೇತುವೆಗಳೆಂದರೆ ನನಗೆ ಆಗುವುದಿಲ್ಲ. ಭೂಕಂಪ, ಗಾಳಿ, ಪೆಟ್ರೋಲು, ಎಲ್ಲ ನೆನಪಾಗುತ್ತದೆ. ಅವತ್ತು ಎರಡೂ ಕಡೆ ನೀರು ಹೊಳೆಯುತ್ತಿತ್ತು, ನನಗೆ ಬೇರೇನೂ ನೆನಪಾಗಲಿಲ್ಲ.

ನಾಲ್ಕನೇ ಸಲಕ್ಕೆ ನಾನೂ ಬಾಯಿ ಮುಚ್ಚಿಕೊಂಡೇ ಜೊತೆಗೆ ಏರಿದೆ. ಮೊದಲ ಹೊರಳಿನಲ್ಲಿ ತಪ್ಪಿದೆ. ಐದನೇ ಸಲ ಸರಿಯಾಯಿತು. ಆರನೆಯದಕ್ಕೆ ಜಿಗಿತವೂ ಸಿಕ್ಕಿತು, ನನ್ನ ಗಂಟಲಿನಿಂದಲೇ, ನನಗೇ ಕೇಳಿಸುವ ಹಾಗೆ. ಹೊಟ್ಟೆಯೊಳಗಿನವರು ಎದ್ದು ಕುಣಿದರು.

ಸೇತುವೆಯ ನಡುವೆ ಇವರು ಗುನುಗು ನಿಲ್ಲಿಸಿ ಅತ್ತಿತ್ತ ನೋಡಿದರು.

“ಅಯ್ಯೋ! ಇದೇನಿದು, ನೀರು! ಎಕ್ಸಿಟ್ ಹೋಯ್ತಾ? ನೀನು ಯಾಕೆ ಹೇಳಲಿಲ್ಲ?”

“ಕೇಳ್ತಾ ಇದ್ದೆ,” ಎಂದೆ.